199 ತಂಡಗಳು ಬೇಡವೆಂದ ಹುಡುಗ: ಈ ಫಾರ್ವರ್ಡ್‌ನಲ್ಲಿ ನಿಜವೆಷ್ಟು?

ಪರೀಕ್ಷೆಯ ಫಲಿತಾಂಶ ಬರುವ ದಿನಗಳಲ್ಲಿ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಒಂದು ಕಥೆ ಮತ್ತೆ ಮತ್ತೆ ಜೀವ ಪಡೆಯುತ್ತದೆ. ಅಮೆರಿಕದ ಒಬ್ಬ ಹುಡುಗ. ಸಣಕಲು ಮೈ, ಓಟದಲ್ಲಿ ಎಲ್ಲರಿಗಿಂತ ಹಿಂದೆ. 199 ತಂಡಗಳು ಅವನನ್ನು ಬೇಡವೆಂದವು, ತಜ್ಞರು ನೋಡಿ ನಕ್ಕರು, ಕಡೆಗೆ ಅವನೇ ಆ ಆಟದ ಚರಿತ್ರೆಯಲ್ಲಿ ಎಲ್ಲರಿಗಿಂತ ಹೆಚ್ಚು ಪ್ರಶಸ್ತಿ ಗೆದ್ದ. ಹೆಸರು ಟಾಮ್ ಬ್ರಾಡಿ. ಕೆಳಗೆ ತಜ್ಞರ ಮಾತು ಕೇಳಬೇಡಿ ಎಂಬ ಬುದ್ಧಿವಾದ, ಹತ್ತು ಗುಂಪುಗಳಿಗೆ ಕಳುಹಿಸಿ ಎಂಬ ಕೋರಿಕೆ, ಎರಡು ಕೈಮುಗಿದ ಚಿಹ್ನೆ.

ನಮಗೆ ಈ ಸಂದೇಶವನ್ನು ಕಳುಹಿಸಿಕೊಟ್ಟವರು ಒಬ್ಬ ತಾಯಿ. ಮಗ ಮೊದಲ ಪಿಯುಸಿ. ಕ್ರಿಕೆಟ್ ಹುಚ್ಚು. ಆಯ್ಕೆ ಶಿಬಿರದಲ್ಲಿ ಎರಡು ಸಲ ಹೆಸರು ಬಂದಿಲ್ಲ. ಅವನು ಸೇರಬೇಕೆಂದಿರುವ ತರಬೇತಿ ಕೇಂದ್ರದವರು ಈ ಕಥೆಯ ಜತೆಗೇ ವರ್ಷದ ಶುಲ್ಕದ ಪಟ್ಟಿಯನ್ನೂ ಕಳುಹಿಸಿದ್ದರು. ಒಂದು ವರ್ಷ ಓದು ನಿಲ್ಲಿಸಿ ಪೂರ್ತಿ ಆಟಕ್ಕೆ ಬಿಟ್ಟರೆ ಹುಡುಗ ಬೆಳಗುತ್ತಾನೆ ಅನ್ನುವುದು ಅವರ ಸಲಹೆ. ತಾಯಿ ಕೇಳಿದ್ದು ಇಷ್ಟೇ: ಇದು ನಿಜವೇ?

ಚಿಕ್ಕ ಉತ್ತರ ಹೀಗಿದೆ. ಹುಡುಗ ನಿಜ. 199 ಅನ್ನುವ ಸಂಖ್ಯೆಯೂ ನಿಜ. ತಂಡಗಳ ಲೆಕ್ಕ ಸುಳ್ಳು. ಕೊನೆಯಲ್ಲಿರುವ ತೀರ್ಮಾನ ದಾರಿ ತಪ್ಪಿಸುವಂಥದ್ದು. ಯಾಕೆ ಅನ್ನುವುದನ್ನು ವಿವರವಾಗಿ ನೋಡೋಣ, ಯಾಕೆಂದರೆ ಕೊನೆಯ ಸುತ್ತುಗಳಲ್ಲಿ ಅಗ್ಗಕ್ಕೆ ಸಿಕ್ಕ ಆಟಗಾರರ ನಿಜವಾದ ಕಥೆ ಫಾರ್ವರ್ಡ್‌ಗಿಂತ ಹೆಚ್ಚು ಸ್ವಾರಸ್ಯವಾಗಿದೆ.

ಡ್ರಾಫ್ಟ್ ಅಂದರೆ ಏನು?

ಅಮೆರಿಕನ್ ಫುಟ್‌ಬಾಲ್ ಅಂದರೆ ನಾವು ಹೇಳುವ ಕಾಲ್ಚೆಂಡಾಟವಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ, ಎದುರಾಳಿಯನ್ನು ಹಿಡಿದು ಕೆಡಹುವ ಆಟ. ಚೆಂಡನ್ನು ಎಸೆದು ಆಟ ನಡೆಸುವವನು ಕ್ವಾರ್ಟರ್‌ಬ್ಯಾಕ್. ತಂಡದ ಭಾರವೆಲ್ಲ ಅವನ ಮೇಲೆಯೇ. ವೃತ್ತಿಪರ ಲೀಗಿನ ಹೆಸರು ನ್ಯಾಷನಲ್ ಫುಟ್‌ಬಾಲ್ ಲೀಗ್, ಅಂದರೆ ಎನ್‌ಎಫ್‌ಎಲ್. ಅದರ ಅಂತಿಮ ಪಂದ್ಯ ಸೂಪರ್ ಬೌಲ್.

ಈ ಲೀಗಿಗೆ ಹೊಸಬರು ಬರುವ ದಾರಿಯೇ ಡ್ರಾಫ್ಟ್. ಐಪಿಎಲ್ ಹರಾಜು ನಿಮಗೆ ಗೊತ್ತಿದೆ, ಅಲ್ಲಿ ದುಡ್ಡು ಹೆಚ್ಚು ಕೂಗಿದವರಿಗೆ ಆಟಗಾರ. ಡ್ರಾಫ್ಟ್‌ನಲ್ಲಿ ಕೂಗುವುದಿಲ್ಲ, ಸರದಿ ಇರುತ್ತದೆ. ಪ್ರತಿ ವರ್ಷ ಏಪ್ರಿಲ್ ಹೊತ್ತಿಗೆ ಕಾಲೇಜು ತಂಡಗಳಿಂದ ಬರುವ ಆಟಗಾರರನ್ನು ಲೀಗಿನ ತಂಡಗಳು ಒಂದರ ನಂತರ ಒಂದು ಆರಿಸುತ್ತವೆ. ಹಿಂದಿನ ವರ್ಷ ಅತಿ ಹೆಚ್ಚು ಸೋತ ತಂಡಕ್ಕೆ ಮೊದಲ ಸರದಿ, ಸೂಪರ್ ಬೌಲ್ ಗೆದ್ದ ತಂಡಕ್ಕೆ ಕಡೆಯದು. ಹೀಗೆ ಏಳು ಸುತ್ತು. ಒಟ್ಟು ಸುಮಾರು 250ರಿಂದ 260 ಆಟಗಾರರು. ತಂಡಗಳು ತಮ್ಮ ಸರದಿಗಳನ್ನು ಒಂದಕ್ಕೊಂದು ಬದಲಾಯಿಸಿಕೊಳ್ಳಲೂಬಹುದು. ಆರಿಸಿದ ತಂಡದ ಜತೆಗೇ ಆಟಗಾರ ಒಪ್ಪಂದ ಮಾಡಿಕೊಳ್ಳಬೇಕು, ಎಲ್ಲಿಗೆ ಹೋಗಬೇಕೆಂದು ಅವನು ನಿರ್ಧರಿಸುವಂತಿಲ್ಲ.

ಇದು ಶುರುವಾದದ್ದು 1936ರ ಫೆಬ್ರವರಿಯಲ್ಲಿ, ಫಿಲಡೆಲ್ಫಿಯಾದ ಒಂದು ಹೋಟೆಲಿನಲ್ಲಿ. ಬಲವಿಲ್ಲದ ತಂಡಗಳಿಗೂ ಒಳ್ಳೆಯ ಆಟಗಾರರು ಸಿಗಲಿ ಅನ್ನುವ ಯೋಚನೆ ಫಿಲಡೆಲ್ಫಿಯಾ ಈಗಲ್ಸ್ ತಂಡದ ಮಾಲೀಕ ಬರ್ಟ್ ಬೆಲ್ ಅವರದು. ಅವರ ತಂಡವೇ ಆಗ ತೀರಾ ಸೋಲುತ್ತಿತ್ತು ಅನ್ನುವುದನ್ನೂ ಇಲ್ಲಿ ಹೇಳಿಬಿಡಬೇಕು. ಕಪ್ಪುಹಲಗೆಯ ಮೇಲೆ 90 ಹೆಸರು ಬರೆದಿಟ್ಟು ಅದರಿಂದ ಆರಿಸಿದರು. ಮೊಟ್ಟಮೊದಲ ಆಯ್ಕೆ ಜೇ ಬರ್ವಾಂಗರ್, ಆ ವರ್ಷದ ಅತ್ಯುತ್ತಮ ಕಾಲೇಜು ಆಟಗಾರ. ಅವರು ಎನ್‌ಎಫ್‌ಎಲ್‌ನಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲ! ಅಂದರೆ ಡ್ರಾಫ್ಟ್ ಅನ್ನುವ ವ್ಯವಸ್ಥೆಯ ಮೊದಲ ಹೆಜ್ಜೆಯೇ ಗುರಿ ತಪ್ಪಿತ್ತು.

ಈಗ ಫಾರ್ವರ್ಡ್‌ನ ಲೆಕ್ಕಕ್ಕೆ ಬರೋಣ. ಬ್ರಾಡಿ ಆಯ್ಕೆಯಾದದ್ದು 2000ನೇ ಇಸವಿಯಲ್ಲಿ, ಆರನೇ ಸುತ್ತಿನಲ್ಲಿ, ಒಟ್ಟಾರೆ 199ನೆಯವರಾಗಿ. ಆರಿಸಿದ ತಂಡ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್. ಆ ವರ್ಷ ಲೀಗಿನಲ್ಲಿ ಇದ್ದದ್ದೇ 31 ತಂಡ. ಈಗಲೂ ಇರುವುದು 32. ಹಾಗಾಗಿ 199 ತಂಡಗಳು ಬೇಡವೆನ್ನಲು ಸಾಧ್ಯವೇ ಇಲ್ಲ. ಅವರಿಗಿಂತ ಮೊದಲು 198 ಆಟಗಾರರ ಹೆಸರು ಕೂಗಲಾಯಿತು ಅನ್ನುವುದು ಸರಿ. ಯಾರೋ ಆಟಗಾರರ ಜಾಗದಲ್ಲಿ ತಂಡಗಳು ಅಂತ ಬರೆದರು, ಅದು ಹಾಗೇ ಹರಿದಾಡುತ್ತಿದೆ.

ಫಾರ್ವರ್ಡ್ ಹೇಳದ ಒಂದು ವಿಷಯವಿದೆ. ಬ್ರಾಡಿಯನ್ನು ಬಿಟ್ಟು ಬೇರೆಯವರನ್ನು ಆರಿಸಿದ ತಂಡಗಳಲ್ಲಿ ಪೇಟ್ರಿಯಟ್ಸ್ ಕೂಡ ಸೇರಿದೆ. ಅವರು ಆ ಡ್ರಾಫ್ಟ್‌ನಲ್ಲಿ ಬ್ರಾಡಿಗೆ ಮೊದಲು ಆರು ಜನರನ್ನು ತೆಗೆದುಕೊಂಡಿದ್ದರು. ಬ್ರಾಡಿ ಏಳನೆಯವರು. ಐದನೇ ಸುತ್ತಿನಲ್ಲಿ ತೆಗೆದುಕೊಂಡ ಡೇವ್ ಸ್ಟಾಚೆಲ್ಸ್ಕಿ ಅನ್ನುವ ಆಟಗಾರ ಆ ತಂಡದ ಪರ ಒಂದೂ ಪಂದ್ಯ ಆಡಲಿಲ್ಲ. ಪೇಟ್ರಿಯಟ್ಸ್‌ನಲ್ಲಿ ಆಟಗಾರರ ಆಯ್ಕೆಯ ಹೊಣೆ ಹೊತ್ತಿದ್ದ ಸ್ಕಾಟ್ ಪಿಯೋಲಿ ಮುಂದೆ ಈ ಸ್ಟಾಚೆಲ್ಸ್ಕಿಯ ಫೋಟೊವನ್ನು ತಮ್ಮ ಮೇಜಿನ ಮೇಲೆ ಇಟ್ಟುಕೊಂಡಿದ್ದರು. ನಾವು ಅಷ್ಟು ಜಾಣರಾಗಿದ್ದರೆ ಬ್ರಾಡಿಯನ್ನು ಮೊದಲೇ ತೆಗೆದುಕೊಳ್ಳುತ್ತಿದ್ದೆವು ಅನ್ನುವುದು ಅವರ ವಿವರಣೆಯ ಸಾರ. ಬ್ರಾಡಿಯನ್ನು ಗುರುತಿಸಿದ ಕೀರ್ತಿಯನ್ನು ಜಗತ್ತು ಯಾರ ಕೊರಳಿಗೆ ಹಾಕುತ್ತಿದೆಯೋ ಅವರೇ ಹೀಗೆ ಹೇಳುವಾಗ, ನಾವು ಸ್ವಲ್ಪ ನಿಂತು ಕೇಳಬೇಕು.

ಯಾರೂ ಗುರುತಿಸದ ಹುಡುಗನೇ?

ಅದೂ ಪೂರ್ತಿ ಸರಿಯಲ್ಲ. ಬ್ರಾಡಿ ಆಡುತ್ತಿದ್ದದ್ದು ಮಿಷಿಗನ್ ವಿಶ್ವವಿದ್ಯಾಲಯಕ್ಕೆ. ಕಾಲೇಜು ಫುಟ್‌ಬಾಲ್‌ನಲ್ಲಿ ಅದು ದೊಡ್ಡ ಹೆಸರು. 2000ದ ಜನವರಿ 1ರಂದು ಆರೆಂಜ್ ಬೌಲ್ ಪಂದ್ಯದಲ್ಲಿ ಅಲಬಾಮಾ ತಂಡದ ವಿರುದ್ಧ ಹಿಂದೆ ಬಿದ್ದಿದ್ದ ತಂಡವನ್ನು ಎತ್ತಿ, ಹೆಚ್ಚುವರಿ ಸಮಯದಲ್ಲಿ 35-34ರಿಂದ ಗೆಲ್ಲಿಸಿದ್ದರು. ಅದಕ್ಕೂ ಮೊದಲು, 1995ರಲ್ಲಿ, ಮಾಂಟ್ರಿಯಲ್ ಎಕ್ಸ್‌ಪೋಸ್ ಅನ್ನುವ ಬೇಸ್‌ಬಾಲ್ ತಂಡ ಅವರನ್ನು ತನ್ನ ಡ್ರಾಫ್ಟ್‌ನಲ್ಲಿ ಆರಿಸಿತ್ತು. ಎರಡು ಆಟಗಳ ವೃತ್ತಿಪರರ ಕಣ್ಣಿಗೆ ಬಿದ್ದವರನ್ನು ಯಾರೂ ಕಾಣದ ಹುಡುಗ ಎನ್ನಲಾಗದು.

ಹಾಗಾದರೆ 199ನೇ ಸ್ಥಾನಕ್ಕೆ ಜಾರಿದ್ದು ಯಾಕೆ? ಡ್ರಾಫ್ಟ್‌ಗೆ ಮೊದಲು ಇಂಡಿಯಾನಾಪೊಲಿಸ್ ನಗರದಲ್ಲಿ ಒಂದು ಸಾಮೂಹಿಕ ಪರೀಕ್ಷೆ ನಡೆಯುತ್ತದೆ. 40 ಗಜ, ಅಂದರೆ ಸುಮಾರು 36.6 ಮೀಟರ್ ಓಟ, ನಿಂತಲ್ಲಿಂದ ಮೇಲಕ್ಕೆ ಜಿಗಿತ, ಸುಮಾರು 102 ಕಿಲೋ ಭಾರವನ್ನು ಎಷ್ಟು ಸಲ ಎತ್ತಬಲ್ಲರು ಅನ್ನುವ ಲೆಕ್ಕ, ವೈದ್ಯಕೀಯ ತಪಾಸಣೆ, ಸಂದರ್ಶನ. ಬ್ರಾಡಿ ಓಟಕ್ಕೆ ತೆಗೆದುಕೊಂಡದ್ದು 5.28 ಸೆಕೆಂಡ್. ಜಿಗಿದದ್ದು 24.5 ಅಂಗುಲ. ಎರಡೂ ಕಳಪೆ. ಮಿಷಿಗನ್ ತಂಡದಲ್ಲಿಯೂ ಕೊನೆಯ ವರ್ಷ ಡ್ರೂ ಹೆನ್ಸನ್ ಅನ್ನುವ ಕಿರಿಯ ಆಟಗಾರನ ಜತೆ ಅವಕಾಶ ಹಂಚಿಕೊಳ್ಳಬೇಕಾಗಿತ್ತು. ಸ್ವಂತ ಕೋಚ್‌ಗೇ ಪೂರ್ತಿ ನಂಬಿಕೆ ಇಲ್ಲವೇನೋ ಎಂದು ಹೊರಗಿನವರು ಅಂದುಕೊಂಡರೆ ಆಶ್ಚರ್ಯವಿಲ್ಲ.

ಓಟ, ಜಿಗಿತ ಅಳೆಯುವುದು ಸುಲಭ. ಎದುರಿನಿಂದ ನೂರು ಕಿಲೋ ಮೀರಿದ ದೇಹಗಳು ನುಗ್ಗಿಬರುತ್ತಿರುವಾಗ ಎರಡೂವರೆ ಸೆಕೆಂಡಿನೊಳಗೆ ಯಾರಿಗೆ ಎಸೆಯಬೇಕೆಂದು ನಿರ್ಧರಿಸುವ ಗುಣವನ್ನು ಅಳೆಯುವ ಟೇಪು ಇಲ್ಲ. ಕೊನೆಯ ಸುತ್ತುಗಳಲ್ಲಿ ಒಳ್ಳೆಯವರು ಉಳಿದುಕೊಳ್ಳುವುದಕ್ಕೆ ಇದು ಒಂದು ಕಾರಣ. ಅಳತೆ ತಪ್ಪಾಗಿರಲಿಲ್ಲ, ಬ್ರಾಡಿ ನಿಜಕ್ಕೂ ನಿಧಾನವೇ! ಆ ಅಳತೆ ಈ ಕೆಲಸಕ್ಕೆ ಎಷ್ಟು ಮುಖ್ಯ ಅನ್ನುವುದರಲ್ಲಿ ತಪ್ಪಾಯಿತು.

ಅವರಿಗಿಂತ ಮೊದಲು ಆಯ್ಕೆಯಾದ ಆರು ಕ್ವಾರ್ಟರ್‌ಬ್ಯಾಕ್‌ಗಳೂ ನಾಲಾಯಕ್ಕು ಅನ್ನುವ ಸಾಲು ಕೆಲವು ಸಂದೇಶಗಳಲ್ಲಿದೆ. ಅವರಲ್ಲಿ ಜಿಯೊವಾನಿ ಕಾರ್ಮಾಜಿ ಲೀಗಿನ ನಿಯಮಿತ ಋತುವಿನಲ್ಲಿ ಒಂದು ಪಂದ್ಯವನ್ನೂ ಆಡಲಿಲ್ಲ, ನಿಜ. ಆದರೆ 18ನೆಯವರಾಗಿ ಆಯ್ಕೆಯಾದ ಚಾಡ್ ಪೆನಿಂಗ್ಟನ್ ವರ್ಷಗಟ್ಟಲೆ ಆಡಿದರು. 168ನೆಯವರಾದ ಮಾರ್ಕ್ ಬಲ್ಜರ್ ಎರಡು ಸಲ ಲೀಗಿನ ಆಲ್‌ಸ್ಟಾರ್ ಪಂದ್ಯಕ್ಕೆ ಆಯ್ಕೆಯಾದರು. ಅಂದಹಾಗೆ ಬಲ್ಜರ್ ಕೂಡ ಆರನೇ ಸುತ್ತಿನ ಪತ್ತೆಯೇ, ಅವರನ್ನು ಆರಿಸಿದ ತಂಡ ಕೈಬಿಟ್ಟ ಮೇಲೆ ಬೇರೆ ತಂಡದಲ್ಲಿ ಮಿಂಚಿದರು. ಅವರ ಮೇಲೆ ಯಾರೂ ಫಾರ್ವರ್ಡ್ ಬರೆದಿಲ್ಲ.

ಆಯ್ಕೆಯಾದ ಮೇಲಾದರೂ ಬ್ರಾಡಿ ತಕ್ಷಣ ಮಿಂಚಿದರೇ? ಇಲ್ಲ. ಮೊದಲ ವರ್ಷ ಅವರು ತಂಡದ ನಾಲ್ಕನೇ ಕ್ವಾರ್ಟರ್‌ಬ್ಯಾಕ್. ಇಡೀ ಋತುವಿನಲ್ಲಿ ಮೂರು ಸಲ ಎಸೆದು ಒಂದನ್ನು ಗುರಿ ಮುಟ್ಟಿಸಿದರು. ಮೊದಲ ಕ್ವಾರ್ಟರ್‌ಬ್ಯಾಕ್ ಡ್ರೂ ಬ್ಲೆಡ್ಸೊ ಜತೆ ತಂಡ 2001ರ ಮಾರ್ಚ್‌ನಲ್ಲಿ ಹತ್ತು ವರ್ಷಕ್ಕೆ 10 ಕೋಟಿ 30 ಲಕ್ಷ ಡಾಲರ್‌ಗಳ ಒಪ್ಪಂದ ಮಾಡಿಕೊಂಡಿತ್ತು. ಅದೇ ವರ್ಷ ಸೆಪ್ಟೆಂಬರ್ 23ರಂದು ಎದುರಾಳಿಯ ಹೊಡೆತಕ್ಕೆ ಬ್ಲೆಡ್ಸೊಗೆ ಒಳಗಿನ ರಕ್ತಸ್ರಾವವಾಗುವಷ್ಟು ಪೆಟ್ಟಾಯಿತು. ಬ್ರಾಡಿ ಒಳಗೆ ಬಂದರು, ಆ ಋತುವಿನ ಕೊನೆಗೆ ಸೂಪರ್ ಬೌಲ್ ಗೆದ್ದರು. ಒಟ್ಟು ಏಳು ಗೆದ್ದು ನಿವೃತ್ತರಾದರು. ಆ ಒಂದು ಹೊಡೆತ ಬೀಳದೆ ಇದ್ದಿದ್ದರೆ ಅವರು ಎಷ್ಟು ವರ್ಷ ಬೆಂಚಿನಲ್ಲಿ ಕೂತಿರುತ್ತಿದ್ದರು ಎಂದು ಯಾರೂ ಹೇಳಲಾರರು. ಸಿದ್ಧತೆ ಅವರದು. ಬಾಗಿಲು ತೆರೆದದ್ದು ಇನ್ನೊಬ್ಬರ ನೋವು.

ಬ್ರಾಡಿಯನ್ನು ನೋಡಿ ಬಂದು ತೆಗೆದುಕೊಳ್ಳೋಣ ಎಂದು ಹೇಳಿದವರು ಪೇಟ್ರಿಯಟ್ಸ್‌ನ ಕ್ವಾರ್ಟರ್‌ಬ್ಯಾಕ್ ಕೋಚ್ ಡಿಕ್ ರೆಬೈನ್. ಅವರು 2001ರ ಆಗಸ್ಟ್‌ನಲ್ಲಿ, ಬ್ರಾಡಿಗೆ ಅವಕಾಶ ಸಿಗುವ ಏಳು ವಾರ ಮೊದಲು, ತೀರಿಕೊಂಡರು. ತಜ್ಞರು ನಕ್ಕರು ಎಂದು ಬರೆಯುವವರು ಈ ಒಬ್ಬ ತಜ್ಞರನ್ನು ನೆನೆಯುವುದಿಲ್ಲ.

ಬೇರೆಯವರು ನೋಡದ ಕಡೆ ನೋಡುವುದು

ಹಾಗಾದರೆ ಕೊನೆಯ ಸುತ್ತುಗಳಲ್ಲಿ ಒಳ್ಳೆಯ ಆಟಗಾರರನ್ನು ಹುಡುಕುವುದು ಬರೀ ಅದೃಷ್ಟವೇ? ಅಲ್ಲ ಎಂದು ತೋರಿಸುವ ಒಂದು ಗಟ್ಟಿ ಉದಾಹರಣೆ ಇದೆ. ನಮ್ಮ ಮಟ್ಟಿಗೆ ಇದು ಬ್ರಾಡಿ ಕಥೆಗಿಂತ ದೊಡ್ಡದು.

ಅಮೆರಿಕದ ದಕ್ಷಿಣ ರಾಜ್ಯಗಳಲ್ಲಿ ಬಹುಕಾಲ ಕಪ್ಪು ವಿದ್ಯಾರ್ಥಿಗಳಿಗೆ ದೊಡ್ಡ ವಿಶ್ವವಿದ್ಯಾಲಯಗಳ ಬಾಗಿಲು ಮುಚ್ಚಿತ್ತು. ಅವರು ಓದಿದ್ದು, ಆಡಿದ್ದು ಕಪ್ಪು ಜನರಿಗಾಗಿಯೇ ಕಟ್ಟಿದ ಕಾಲೇಜುಗಳಲ್ಲಿ. ಅಲ್ಲಿನ ಪಂದ್ಯಗಳನ್ನು ದೊಡ್ಡ ಪತ್ರಿಕೆಗಳು ವರದಿ ಮಾಡುತ್ತಿದ್ದದ್ದು ಕಡಿಮೆ, ಎನ್‌ಎಫ್‌ಎಲ್ ತಂಡಗಳ ಹೆಚ್ಚಿನ ಆಯ್ಕೆಗಾರರು ಆ ಕಡೆ ತಲೆ ಹಾಕುತ್ತಿದ್ದದ್ದೂ ಕಡಿಮೆ. ಆದರೆ ಪಿಟ್ಸ್‌ಬರ್ಗ್ ನಗರದಲ್ಲಿ ಕಪ್ಪು ಜನರ ಪತ್ರಿಕೆ ಪಿಟ್ಸ್‌ಬರ್ಗ್ ಕೊರಿಯರ್‌ನ ಕ್ರೀಡಾ ಸಂಪಾದಕ ಬಿಲ್ ನನ್ ಪ್ರತಿ ವರ್ಷ ಆ ಕಾಲೇಜುಗಳ ಅತ್ಯುತ್ತಮ ಆಟಗಾರರ ಪಟ್ಟಿ ಪ್ರಕಟಿಸುತ್ತಿದ್ದರು. ಕೋಚ್‌ಗಳೆಲ್ಲ ಅವರಿಗೆ ಗೊತ್ತು, ಮನೆಗಳೂ ಗೊತ್ತು. ಅದೇ ಊರಿನ ಸ್ಟೀಲರ್ಸ್ ತಂಡ ಆಗ ಸೋಲಿಗೆ ಹೆಸರಾಗಿತ್ತು. 1960ರ ದಶಕದ ಕೊನೆಯ ಭಾಗದಲ್ಲಿ ಅವರು ನನ್ ಅವರನ್ನು ತಮ್ಮ ಆಯ್ಕೆಗಾರರನ್ನಾಗಿ ಸೇರಿಸಿಕೊಂಡರು.

ಫಲ ಬರಲು ಹೆಚ್ಚು ಕಾಲ ಹಿಡಿಯಲಿಲ್ಲ. 1969ರ ಹತ್ತನೇ ಸುತ್ತಿನಲ್ಲಿ ಎಲ್.ಸಿ. ಗ್ರೀನ್‌ವುಡ್, 1970ರ ಮೂರನೇ ಸುತ್ತಿನಲ್ಲಿ ಮೆಲ್ ಬ್ಲೌಂಟ್, 1971ರ ಎಂಟನೇ ಸುತ್ತಿನಲ್ಲಿ ಅರ್ನಿ ಹೋಮ್ಸ್. ಮೂವರೂ ಕಪ್ಪು ಕಾಲೇಜುಗಳಿಂದ. 1974ರಲ್ಲಿ ಅಲಬಾಮಾ ಎ ಅಂಡ್ ಎಂ ಕಾಲೇಜಿನ ಜಾನ್ ಸ್ಟಾಲ್ವರ್ತ್. ಸ್ಟಾಲ್ವರ್ತ್ ಕಥೆ ಕೇಳಲೇಬೇಕು. ಆಯ್ಕೆಗಾರರು ಒಟ್ಟಾಗಿ ಹೋದ ದಿನ ಮೈದಾನ ಒದ್ದೆಯಾಗಿತ್ತು, ಓಟದ ಸಮಯ ಚೆನ್ನಾಗಿ ಬರಲಿಲ್ಲ. ಬೇರೆಯವರು ಮುಂದಿನ ಊರಿಗೆ ಹೊರಟರು. ನನ್ ತಮಗೆ ಹುಷಾರಿಲ್ಲ ಎಂದು ಹೇಳಿ ಹಿಂದೆ ಉಳಿದರು, ಮರುದಿನ ಒಣಗಿದ ನೆಲದ ಮೇಲೆ ಹುಡುಗನನ್ನು ಮತ್ತೆ ಓಡಿಸಿ ಸಮಯ ಬರೆದುಕೊಂಡರು. ಸ್ಟೀಲರ್ಸ್ ಸ್ಟಾಲ್ವರ್ತ್‌ರನ್ನು ನಾಲ್ಕನೇ ಸುತ್ತಿನಲ್ಲಿ, 82ನೆಯವರಾಗಿ ಪಡೆದರು. ಅದೇ ವರ್ಷ ಡ್ರಾಫ್ಟ್‌ನಲ್ಲಿ ಯಾರೂ ಆರಿಸದ ಡಾನಿ ಶೆಲ್ ಕೂಡ ಇದೇ ದಾರಿಯಲ್ಲಿ ತಂಡಕ್ಕೆ ಬಂದರು, ಅವರು ಸೌತ್ ಕೆರೊಲಿನಾ ಸ್ಟೇಟ್‌ನವರು.

1974ರಿಂದ 1979ರವರೆಗಿನ ಆರು ಋತುಗಳಲ್ಲಿ ಸ್ಟೀಲರ್ಸ್ ನಾಲ್ಕು ಸೂಪರ್ ಬೌಲ್ ಗೆದ್ದಿತು. ಬ್ಲೌಂಟ್, ಸ್ಟಾಲ್ವರ್ತ್, ಶೆಲ್ ಮೂವರೂ ಫುಟ್‌ಬಾಲ್ ಹಾಲ್ ಆಫ್ ಫೇಮ್‌ನಲ್ಲಿದ್ದಾರೆ. 2021ರಲ್ಲಿ, ತೀರಿಕೊಂಡ ಹಲವು ವರ್ಷಗಳ ನಂತರ, ಬಿಲ್ ನನ್ ಕೂಡ ಅಲ್ಲಿ ಸೇರಿದರು.

ಇಲ್ಲಿ ಪವಾಡವೇನೂ ಇಲ್ಲ. ಒಂದು ಸಮಾಜ ತನ್ನ ಪೂರ್ವಗ್ರಹದಿಂದ ಕೆಲವರ ಬೆಲೆಯನ್ನು ಕಡಿಮೆ ಮಾಡಿ ಇಟ್ಟಿತ್ತು. ಆ ಕಾಲೇಜುಗಳನ್ನು ಬಲ್ಲ ಒಬ್ಬರನ್ನು ಕೆಲಸಕ್ಕೆ ತೆಗೆದುಕೊಂಡ ತಂಡಕ್ಕೆ ಲಾಭವಾಯಿತು. ನನ್ ಅವರ ಕಣ್ಣು ಚುರುಕು, ಸಂಶಯವಿಲ್ಲ. ಆದರೆ ಆ ಕಣ್ಣು ಬೇರೆಯವರು ಹೋಗದ ಊರಿಗೆ ಹೋಗಿತ್ತು ಅನ್ನುವುದು ಅದಕ್ಕಿಂತ ಮುಖ್ಯ.

ಈಗ ಅಂಥ ಮೂಲೆಗಳು ಕಡಿಮೆಯಾಗಿವೆ. ಪ್ರತಿ ಪಂದ್ಯದ ವಿಡಿಯೊ ಎಲ್ಲ ತಂಡಗಳ ಬಳಿಯೂ ಇದೆ. ಆದರೂ ಬೆಲೆ ಕಡಿಮೆಯಾಗುವ ಕೆಲವು ಗುರುತುಗಳು ಉಳಿದಿವೆ. ಗಾಯದಿಂದ ಕಾಲೇಜಿನಲ್ಲಿ ಸರಿಯಾಗಿ ಆಡಲಾಗದವರು: 1995ರಲ್ಲಿ 196ನೆಯವರಾಗಿ ಬಂದ ಟೆರೆಲ್ ಡೇವಿಸ್ ಹೀಗೆ, 1998ರ ಋತುವಿನಲ್ಲಿ ಅವರು ಚೆಂಡು ಹಿಡಿದು ಓಡಿದ್ದು 2,008 ಗಜ. ಸ್ಥಾನ ಬದಲಿಸಿದವರು: ರಿಚರ್ಡ್ ಶೆರ್ಮನ್ ಕಾಲೇಜಿನಲ್ಲಿ ಚೆಂಡು ಹಿಡಿಯುವ ಸ್ಥಾನದಿಂದ ಹಿಡಿಯದಂತೆ ತಡೆಯುವ ಸ್ಥಾನಕ್ಕೆ ಬಂದವರು, 2011ರಲ್ಲಿ 154ನೆಯವರು. ಎಲ್ಲಕ್ಕಿಂತ ವಿಚಿತ್ರವಾದದ್ದು ಜೋರ್ಡನ್ ಮೈಲಾಟಾ ಅವರದು. ಆಸ್ಟ್ರೇಲಿಯಾದ ರಗ್ಬಿ ಆಟಗಾರ, ಅಮೆರಿಕನ್ ಫುಟ್‌ಬಾಲ್‌ನ ಒಂದು ಪಂದ್ಯವನ್ನೂ ಆಡದವರು. 2018ರಲ್ಲಿ ಈಗಲ್ಸ್ ತಂಡ ಅವರನ್ನು ಏಳನೇ ಸುತ್ತಿನಲ್ಲಿ 233ನೆಯವರಾಗಿ ಆರಿಸಿತು, ಎರಡು ವರ್ಷ ಒಂದು ಪಂದ್ಯಕ್ಕೂ ಇಳಿಸದೆ ಕಲಿಸಿತು. 2025ರ ಫೆಬ್ರವರಿಯಲ್ಲಿ ಸೂಪರ್ ಬೌಲ್ ಗೆದ್ದ ತಂಡದಲ್ಲಿ ಅವರು ಖಾಯಂ ಆಟಗಾರ. ಎರಡು ವರ್ಷ ಕಾಯುವ ತಾಳ್ಮೆ, ಆ ಹೊತ್ತಿನಲ್ಲಿ ಸಂಬಳ ಕೊಡುವ ಶಕ್ತಿ ಇದ್ದ ತಂಡ ಅವರಿಗೆ ಸಿಕ್ಕಿತ್ತು ಅನ್ನುವುದನ್ನು ಮರೆಯಬಾರದು.

ತಂಡಗಳ ಲೆಕ್ಕವೇ ಬೇರೆ

ಅರ್ಥಶಾಸ್ತ್ರಜ್ಞರಾದ ಕೇಡ್ ಮ್ಯಾಸಿ ಮತ್ತು ರಿಚರ್ಡ್ ಥೇಲರ್ ಈ ಡ್ರಾಫ್ಟ್ ಅನ್ನು ಕೆದಕಿ ನೋಡಿದರು. ಅವರ ಪ್ರಬಂಧ 2013ರಲ್ಲಿ ಮ್ಯಾನೇಜ್‌ಮೆಂಟ್ ಸೈನ್ಸ್ ಪತ್ರಿಕೆಯಲ್ಲಿ ಬಂತು. ಥೇಲರ್ 2017ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದವರು. ತಂಡಗಳು ಸರದಿ ಬದಲಾಯಿಸಿಕೊಳ್ಳುವಾಗ ಬಳಸುವ ಒಂದು ಅಂಕಪಟ್ಟಿ ಇದೆ, 1990ರ ದಶಕದ ಆರಂಭದಲ್ಲಿ ಡಲ್ಲಾಸ್ ಕೌಬಾಯ್ಸ್ ತಂಡದಲ್ಲಿ ಹುಟ್ಟಿದ್ದು. ಅದರಲ್ಲಿ ಮೊದಲ ಸರದಿಗೆ 3,000 ಅಂಕ, 32ನೆಯದಕ್ಕೆ 590. ಕೊನೆಯ ಸುತ್ತುಗಳಿಗೆ ಬೆರಳೆಣಿಕೆ. ಆದರೆ ಆಟಗಾರರ ನಿಜವಾದ ಸಾಧನೆ ಇಷ್ಟು ಕಡಿದಾಗಿ ಇಳಿಯುವುದಿಲ್ಲ ಎಂದು ಇಬ್ಬರೂ ತೋರಿಸಿದರು. ಒಂದೇ ಸ್ಥಾನದ ಇಬ್ಬರಲ್ಲಿ ಮೊದಲು ಆಯ್ಕೆಯಾದವನು ಅವನ ನಂತರದವನಿಗಿಂತ ಉತ್ತಮನಾಗುವ ಸಾಧ್ಯತೆ ಅರ್ಧಕ್ಕಿಂತ ಸ್ವಲ್ಪವೇ ಹೆಚ್ಚು. ಹೆಚ್ಚುಕಡಿಮೆ ನಾಣ್ಯ ಚಿಮ್ಮಿದ ಹಾಗೆ.

ಇದನ್ನು ಓದಿ ತಜ್ಞರಿಗೆ ಏನೂ ಗೊತ್ತಿಲ್ಲ ಎಂದು ಫಾರ್ವರ್ಡ್ ಮಾಡಲು ಕೈ ತುರಿಸಬಹುದು. ಸ್ವಲ್ಪ ತಡೆಯಿರಿ. ಅದೇ ಅಧ್ಯಯನ ಇನ್ನೊಂದನ್ನೂ ಹೇಳುತ್ತದೆ: ಸುತ್ತು ಕೆಳಗಿಳಿದಂತೆ ಆಟಗಾರರ ಸರಾಸರಿ ಸಾಧನೆಯೂ ಇಳಿಯುತ್ತದೆ. ಮೊದಲ ಸುತ್ತಿನವರೇ ಒಟ್ಟಾರೆ ಹೆಚ್ಚು ಯಶಸ್ವಿ. ಆಯ್ಕೆಗಾರರಿಗೆ ಗೊತ್ತಿದೆ, ಆದರೆ ತಮಗೆ ಗೊತ್ತಿದೆ ಎಂದು ಅವರು ನಂಬಿರುವಷ್ಟು ಗೊತ್ತಿಲ್ಲ. ಎರಡೂ ಬೇರೆ ಮಾತು.

ಜಾಣ ತಂಡಗಳು ಇದರಿಂದ ಕಲಿತದ್ದೇನು? ಕಣ್ಣನ್ನು ಅತಿಯಾಗಿ ನಂಬುವ ಬದಲು ಸರದಿಗಳನ್ನು ಕೂಡಿಹಾಕುವುದು. ಮೇಲಿನ ಒಂದು ಸರದಿ ಕೊಟ್ಟು ಕೆಳಗಿನ ಎರಡು ಮೂರು ಪಡೆಯುವುದು. ತಮ್ಮ ಆಟಗಾರರು ಬೇರೆ ತಂಡಕ್ಕೆ ಹೋದಾಗ ಪರಿಹಾರವಾಗಿ ಲೀಗ್ ಕೊಡುವ ಹೆಚ್ಚುವರಿ ಸರದಿಗಳನ್ನು ಉಳಿಸಿಕೊಳ್ಳುವುದು. ಬ್ರಾಡಿಯನ್ನು ತೆಗೆದುಕೊಂಡ 199ನೇ ಸರದಿ ಅಂಥ ಪರಿಹಾರದ ಸರದಿಯೇ. 1990ರ ದಶಕದಲ್ಲಿ ಗ್ರೀನ್ ಬೇ ಪ್ಯಾಕರ್ಸ್ ತಂಡ ತನ್ನ ಕ್ವಾರ್ಟರ್‌ಬ್ಯಾಕ್ ಗಟ್ಟಿಯಾಗಿದ್ದಾಗಲೂ ಕೆಳಗಿನ ಸುತ್ತುಗಳಲ್ಲಿ ಹೊಸ ಕ್ವಾರ್ಟರ್‌ಬ್ಯಾಕ್‌ಗಳನ್ನು ತೆಗೆದುಕೊಳ್ಳುತ್ತಿತ್ತು. ಐದನೇ ಸುತ್ತಿನ ಮಾರ್ಕ್ ಬ್ರೂನೆಲ್, ಆರನೇ ಸುತ್ತಿನ ಮ್ಯಾಟ್ ಹ್ಯಾಸೆಲ್‌ಬೆಕ್ ಹೀಗೆ ಬಂದು, ಆಮೇಲೆ ಬೇರೆ ತಂಡಗಳಲ್ಲಿ ಮೊದಲ ಆಯ್ಕೆಯಾದರು. ಅದೇ ಪ್ಯಾಕರ್ಸ್ 1994ರಲ್ಲಿ ತನ್ನ ಶಿಬಿರಕ್ಕೆ ಬಂದ ಕರ್ಟ್ ವಾರ್ನರ್ ಅವರನ್ನು ಮನೆಗೆ ಕಳುಹಿಸಿತ್ತು. ಅಯೋವಾದ ಒಂದು ದಿನಸಿ ಅಂಗಡಿಯಲ್ಲಿ ರಾತ್ರಿ ಪಾಳಿಯಲ್ಲಿ ಸಾಮಾನು ಜೋಡಿಸಿದ ವಾರ್ನರ್ 1999ರ ಋತುವಿನಲ್ಲಿ ಬೇರೆ ತಂಡಕ್ಕೆ ಸೂಪರ್ ಬೌಲ್ ಗೆದ್ದುಕೊಟ್ಟರು. ಅವರಿಗೂ ಅವಕಾಶ ಸಿಕ್ಕಿದ್ದು ಇನ್ನೊಬ್ಬ ಕ್ವಾರ್ಟರ್‌ಬ್ಯಾಕ್‌ನ ಮೊಣಕಾಲು ಮುರಿದ ಮೇಲೆ. ಒಂದೇ ತಂಡ, ಒಂದೇ ದಶಕ, ಸಿಕ್ಕಿದ್ದೂ ಉಂಟು, ಕೈತಪ್ಪಿದ್ದೂ ಉಂಟು.

ದುಡ್ಡಿನ ಲೆಕ್ಕಕ್ಕೆ ಸ್ಯಾನ್ ಫ್ರಾನ್ಸಿಸ್ಕೊ 49ಅರ್ಸ್ ತಂಡದ ಉದಾಹರಣೆ ಸಾಕು. 2021ರಲ್ಲಿ ಅವರು ಮೂರನೇ ಸರದಿಗಾಗಿ ಮೂರು ವರ್ಷಗಳ ಮೊದಲ ಸುತ್ತಿನ ಸರದಿಗಳನ್ನು ಬಿಟ್ಟುಕೊಟ್ಟು ಟ್ರೇ ಲ್ಯಾನ್ಸ್ ಅನ್ನುವ ಕ್ವಾರ್ಟರ್‌ಬ್ಯಾಕ್‌ನನ್ನು ತೆಗೆದುಕೊಂಡರು. ಕೋವಿಡ್‌ನಿಂದಾಗಿ 2020ರಲ್ಲಿ ಲ್ಯಾನ್ಸ್ ಆಡಿದ್ದು ಒಂದೇ ಪಂದ್ಯ. 2022ರಲ್ಲಿ ಅದೇ ತಂಡ ಡ್ರಾಫ್ಟ್‌ನ ಕಟ್ಟಕಡೆಯ 262ನೇ ಸರದಿಯಲ್ಲಿ ಬ್ರಾಕ್ ಪರ್ಡಿಯನ್ನು ಆರಿಸಿತು. ಕಾಲೇಜಿನಲ್ಲಿ ನಾಲ್ಕು ವರ್ಷ ಆಡಿದವರು, ಎತ್ತರ ಮತ್ತು ತೋಳಿನ ಬಲ ಸಾಧಾರಣ. ಕಡೆಯ ಆಯ್ಕೆಗೆ ಅಮೆರಿಕದಲ್ಲಿ ಒಂದು ತಮಾಷೆಯ ಬಿರುದೇ ಇದೆ, ಮಿಸ್ಟರ್ ಇರ್ರೆಲೆವೆಂಟ್, ಅಂದರೆ ಲೆಕ್ಕಕ್ಕಿಲ್ಲದ ಮಹಾಶಯ. 1976ರಿಂದ ಕ್ಯಾಲಿಫೋರ್ನಿಯಾದಲ್ಲಿ ಅವರಿಗಾಗಿ ಮೆರವಣಿಗೆ, ಕೈಯಿಂದ ಚೆಂಡು ಜಾರಿಸುತ್ತಿರುವ ಆಟಗಾರನ ಪ್ರತಿಮೆಯ ಬಹುಮಾನ ಎಲ್ಲವೂ ನಡೆಯುತ್ತದೆ. ಅದೇ ವರ್ಷ ಲ್ಯಾನ್ಸ್‌ಗೆ ಗಾಯ, ಅವರ ಬದಲಿಗೆ ಬಂದವರಿಗೂ ಗಾಯ. ಪರ್ಡಿ ಇಳಿದರು, ಗೆದ್ದರು, 2024ರ ಫೆಬ್ರವರಿಯ ಸೂಪರ್ ಬೌಲ್‌ವರೆಗೆ ತಂಡವನ್ನು ಕೊಂಡೊಯ್ದು ಅಲ್ಲಿ ಸೋತರು. ಲ್ಯಾನ್ಸ್‌ರನ್ನು ತಂಡ 2023ರಲ್ಲಿ ನಾಲ್ಕನೇ ಸುತ್ತಿನ ಒಂದು ಸರದಿಗೆ ಬಿಟ್ಟುಕೊಟ್ಟಿತು.

2011ರಿಂದ ಹೊಸಬರ ಮೊದಲ ನಾಲ್ಕು ವರ್ಷಗಳ ಸಂಬಳವನ್ನು ಅವರು ಆಯ್ಕೆಯಾದ ಸ್ಥಾನವೇ ನಿರ್ಧರಿಸುತ್ತದೆ. ಹಾಗಾಗಿ 2023ರಲ್ಲಿ ಪರ್ಡಿಗೆ ಸಿಕ್ಕ ಮೂಲ ಸಂಬಳ ಸುಮಾರು 8 ಲಕ್ಷ 70 ಸಾವಿರ ಡಾಲರ್. ಅದೇ ಕೆಲಸಕ್ಕೆ ಬೇರೆ ತಂಡಗಳು ವರ್ಷಕ್ಕೆ ಕೋಟಿಗಟ್ಟಲೆ ಡಾಲರ್ ಕೊಡುತ್ತಿದ್ದವು. ಉಳಿದ ದುಡ್ಡಿನಲ್ಲಿ ಬೇರೆ ಒಳ್ಳೆಯ ಆಟಗಾರರನ್ನು ಇಟ್ಟುಕೊಳ್ಳಬಹುದಾಗಿತ್ತು. 2025ರ ಮೇನಲ್ಲಿ ಪರ್ಡಿ ಐದು ವರ್ಷಕ್ಕೆ 26 ಕೋಟಿ 50 ಲಕ್ಷ ಡಾಲರ್‌ಗಳ ಒಪ್ಪಂದಕ್ಕೆ ಸಹಿ ಹಾಕಿದರು. ಕೊನೆಯ ಸುತ್ತಿನ ಪತ್ತೆ ಅಂದರೆ ಮೊದಲ ಕೆಲವು ವರ್ಷ ಲಾಭ ತಂಡಕ್ಕೆ, ಅಪಾಯ ಆಟಗಾರನಿಗೆ.

ಕಾಣದೆ ಹೋದವರ ಪಟ್ಟಿ

ಫಾರ್ವರ್ಡ್‌ನ ಅಸಲಿ ತಪ್ಪು ಇಲ್ಲಿದೆ. ಅದು ಗೆದ್ದೆತ್ತಿನ ಬಾಲ ಹಿಡಿಯುತ್ತದೆ. ಪ್ರತಿ ವರ್ಷ ಆರು ಮತ್ತು ಏಳನೇ ಸುತ್ತಿನಲ್ಲಿ ಎಪ್ಪತ್ತಕ್ಕೂ ಹೆಚ್ಚು ಹೆಸರು ಕೂಗಲಾಗುತ್ತದೆ. ಆರಿಸದೆ ಉಳಿದವರಲ್ಲಿ ಇನ್ನೂ ಎಷ್ಟೋ ಜನ ಶಿಬಿರಗಳಿಗೆ ಹೋಗುತ್ತಾರೆ. ಬೇಸಿಗೆಯಲ್ಲಿ ಒಂದು ತಂಡದಲ್ಲಿ 90 ಜನ ಅಭ್ಯಾಸ ಮಾಡುತ್ತಾರೆ, ಆಗಸ್ಟ್ ಕೊನೆಗೆ ಆ ಪಟ್ಟಿ 53ಕ್ಕೆ ಇಳಿಯಬೇಕು. 32 ತಂಡಗಳಲ್ಲಿ ಸುಮಾರು ಸಾವಿರದ ಇನ್ನೂರು ಜನರಿಗೆ ಒಂದೇ ವಾರದ ಆಸುಪಾಸಿನಲ್ಲಿ ಬೇಡ ಎನ್ನಲಾಗುತ್ತದೆ. ಕೆಲವರಿಗೆ ಅಭ್ಯಾಸದ ತಂಡದಲ್ಲಿ ಜಾಗ ಸಿಗುತ್ತದೆ, ಹಲವರು ಬೇರೆ ಕೆಲಸ ಹುಡುಕಿಕೊಳ್ಳುತ್ತಾರೆ. ಅವರೂ ಬೆಳಗ್ಗೆ ಐದಕ್ಕೆ ಎದ್ದವರೇ, ಅವರ ಮನೆಯಲ್ಲೂ ನಂಬಿಕೆ ಇತ್ತು.

ಇನ್ನೊಂದು ಕಡೆ, ಡ್ರಾಫ್ಟ್‌ನ ಮೊಟ್ಟಮೊದಲ ಆಯ್ಕೆಯಾಗಿ ಬಂದು ಸೂಪರ್ ಬೌಲ್ ಗೆದ್ದ ಕ್ವಾರ್ಟರ್‌ಬ್ಯಾಕ್‌ಗಳ ಪಟ್ಟಿ ನೋಡಿ: ಟೆರಿ ಬ್ರಾಡ್‌ಶಾ, ಜಿಮ್ ಪ್ಲಂಕೆಟ್, ಜಾನ್ ಎಲ್ವೆ, ಟ್ರಾಯ್ ಐಕ್‌ಮನ್, ಪೇಟನ್ ಮ್ಯಾನಿಂಗ್, ಅವರ ತಮ್ಮ ಈಲೈ ಮ್ಯಾನಿಂಗ್, ಮ್ಯಾಥ್ಯೂ ಸ್ಟಾಫರ್ಡ್. ತಜ್ಞರು ಒಳ್ಳೆಯವನೆಂದರು, ಅವನು ಒಳ್ಳೆಯವನೇ ಆದ! ಇದರಲ್ಲಿ ಕಥೆ ಎಲ್ಲಿದೆ, ಯಾರು ಹಂಚುತ್ತಾರೆ?

ಇದೇ ಧಾಟಿಯ ಸಂದೇಶಗಳು ಆರೋಗ್ಯದ ವಿಷಯದಲ್ಲೂ ನಮಗೆ ಬರುತ್ತವೆ. ವೈದ್ಯರು ಕೈಬಿಟ್ಟರು, ಕಷಾಯ ಕುಡಿದು ಉಳಿದರು ಎಂಬ ಒಬ್ಬರ ಕಥೆ. ಅದೇ ಕಷಾಯ ಕುಡಿದು ಉಳಿಯದವರು ಸಂದೇಶ ಬರೆಯಲಾರರು. ಲೆಕ್ಕದ ತಪ್ಪು ಒಂದೇ, ಅಲ್ಲಿ ಬೆಲೆ ಜೀವ.

ಆ ತಾಯಿಗೆ ನಾವು ಬರೆದದ್ದರಲ್ಲಿ ಬ್ರಾಡಿ ವಿಷಯ ಅರ್ಧ ಪುಟವೂ ಇರಲಿಲ್ಲ. ತರಬೇತಿ ಕೇಂದ್ರದವರನ್ನು ಎರಡು ಪ್ರಶ್ನೆ ಕೇಳಿ ಎಂದೆವು. ಕಳೆದ ಐದು ವರ್ಷಗಳಲ್ಲಿ ಓದು ನಿಲ್ಲಿಸಿ ನಿಮ್ಮಲ್ಲಿ ಸೇರಿದ ಹುಡುಗರು ಒಟ್ಟು ಎಷ್ಟು? ಅವರೆಲ್ಲ ಈಗ ಏನು ಮಾಡುತ್ತಿದ್ದಾರೆ? ಪೇಟ್ರಿಯಟ್ಸ್ ಬ್ರಾಡಿಯನ್ನು ನಾಲ್ಕನೆಯವರಾಗಿ ಕೂರಿಸಿದ ವರ್ಷ ಅವರಿಗೆ ಸಂಬಳ ಕೊಟ್ಟಿತ್ತು, ಇಲ್ಲಿ ಶುಲ್ಕ ಕಟ್ಟಬೇಕಾದವರು ನೀವು ಎಂದೂ ಸೇರಿಸಿದೆವು. ಬ್ರಾಡಿ ಡ್ರಾಫ್ಟ್‌ಗೆ ಬರುವ ಹೊತ್ತಿಗೆ ಮಿಷಿಗನ್‌ನಲ್ಲಿ ಪದವಿ ಮುಗಿಸಿದ್ದರು ಅನ್ನುವುದನ್ನೂ.

ಅವರು ವಾರದ ನಂತರ ಉತ್ತರಿಸಿದರು. ಕೇಂದ್ರದವರು ಮೂವರು ಹುಡುಗರ ಫೋಟೊ ಕಳುಹಿಸಿದ್ದಾರಂತೆ, ಒಟ್ಟು ಎಷ್ಟು ಅನ್ನುವುದಕ್ಕೆ ಇನ್ನೂ ಉತ್ತರ ಬಂದಿಲ್ಲವಂತೆ. ಮಗ ಸದ್ಯಕ್ಕೆ ಕಾಲೇಜಿಗೂ ಹೋಗುತ್ತಿದ್ದಾನೆ, ಸಂಜೆ ಮೈದಾನಕ್ಕೂ.